ಹಳೆಯ ವಾಹನಕ್ಕೆ ಹೊಸ ಸ್ಪೀಕರ್: ವರ್ತಕರು ಯೋಚಿಸಬೇಕಾದ ಕೆಲವು ಸಂಗತಿಗಳು

ಮೋಟಾರು ವಾಹನಗಳ ಅಲಂಕಾರ ಸಾಮಗ್ರಿ ಹಾಗೂ ಧ್ವನಿ ಉಪಕರಣಗಳ ವ್ಯಾಪಾರದಲ್ಲಿ ತೊಡಗಿರುವ ನಮ್ಮ ಸದಸ್ಯ ಬಾಂಧವರು ಪ್ರಸ್ತುತ ಎದುರಿಸುತ್ತಿರುವ ಪರಿಸ್ಥಿತಿಯನ್ನು ಕುರಿತು ಈ ಪತ್ರಿಕೆಯಲ್ಲಿ ಮುಕ್ತವಾದ ಚರ್ಚೆ ನಡೆಯಬೇಕೆಂಬುದು ನನ್ನ ಬಹುದಿನಗಳ ಅಪೇಕ್ಷೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ನಂತರ ಸುಮಾರು ಎರಡು ದಶಕಗಳ ಕಾಲ, ಸಣ್ಣ ಕಾರುಗಳ ಅಗ್ಗದ ಮಾದರಿಗಳು ಬಹುಮಟ್ಟಿಗೆ ಸ್ಟೀರಿಯೋ ಇಲ್ಲದೆಯೇ ಮಾರಾಟವಾಗುತ್ತಿದ್ದವು. ಶೋರೂಮಿನಿಂದ ಹೊರಬಂದ ಕಾರು ಪೂಜೆ ಮುಗಿಸಿಕೊಂಡು ನೇರವಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರ ಮುಂದೆ ಬಂದು ನಿಲ್ಲುತ್ತಿತ್ತು. ಸೀಟಿನ ಕವರು, ಸ್ಟೀರಿಯೋ, ಹಿಂಬದಿಗೆ ಒಂದು ಜೊತೆ ಅಂಡಾಕಾರದ ಸ್ಪೀಕರು, ಇವಿಷ್ಟೂ ಒಂದೇ ಮಧ್ಯಾಹ್ನದ ವ್ಯಾಪಾರ. ಗ್ರಾಹಕನನ್ನು ಹುಡುಕಿಕೊಂಡು ಹೋಗುವ ಅಗತ್ಯ ನಮಗಿರಲಿಲ್ಲ.

ಆ ಕಾಲ ಮುಗಿದಿದೆ. ಇಂದಿನ ಹೊಸ ಕಾರುಗಳಲ್ಲಿ ಧ್ವನಿ ವ್ಯವಸ್ಥೆಯು ಡ್ಯಾಶ್‌ಬೋರ್ಡಿನ ಅವಿಭಾಜ್ಯ ಅಂಗವಾಗಿ ಬರುತ್ತಿದೆ. ಹಿಂಬದಿಯ ಕ್ಯಾಮೆರಾ, ದೂರವಾಣಿಯ ಜೋಡಣೆ, ಕೆಲವು ಮಾದರಿಗಳಲ್ಲಿ ಹವಾನಿಯಂತ್ರಣದ ಹತೋಟಿಯೂ ಅದೇ ಪರದೆಯೊಳಗೆ ಸೇರಿಕೊಂಡಿದೆ. ಅದನ್ನು ಕಿತ್ತು ಬೇರೊಂದನ್ನು ಕೂರಿಸುವುದು ಸುಲಭವೂ ಅಲ್ಲ, ಅನೇಕ ವೇಳೆ ವಾಹನದ ವಾರಂಟಿಯ ದೃಷ್ಟಿಯಿಂದ ಕ್ಷೇಮವೂ ಅಲ್ಲ. ಆದುದರಿಂದ ಸ್ವತಂತ್ರ ವರ್ತಕನಿಗೆ ಉಳಿದಿರುವ ನೆಲ ಎಂದರೆ ಹತ್ತು, ಹದಿನೈದು ವರ್ಷ ಹಳೆಯದಾದ ವಾಹನ. ಅದರ ಒಡೆಯನಿಗೆ ಕಾರು ಬದಲಿಸುವ ಮನಸ್ಸಿಲ್ಲ ಅಥವಾ ಅನುಕೂಲವಿಲ್ಲ. ಎಂಜಿನ್ ಇನ್ನೂ ಗಟ್ಟಿಯಾಗಿದೆ, ಸ್ಪೀಕರು ಮಾತ್ರ ಹರಿದು ಗೊರಗೊರ ಎನ್ನುತ್ತಿದೆ. ಸಹಜವಾಗಿಯೇ ಆತ ನಮ್ಮ ಬಳಿಗೆ ಬರುತ್ತಾನೆ.

ಆದರೆ ಈಗ ಆತ ಬರಿಗೈಯಲ್ಲಿ ಬರುತ್ತಿಲ್ಲ. ಅಂತರಜಾಲದ ಮಾರುಕಟ್ಟೆಯಲ್ಲಿ ತಾನೇ ಆರಿಸಿ ತರಿಸಿಕೊಂಡ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, "ಫಿಟ್ಟಿಂಗ್‌ಗೆ ಎಷ್ಟಾಗುತ್ತೆ ಸಾರ್?" ಎಂದು ಕೇಳುತ್ತಾನೆ. ಈ ಪ್ರಶ್ನೆಯಿಂದ ನಮ್ಮಲ್ಲಿ ಅನೇಕರು ಕೆರಳುವುದನ್ನು ಕಂಡಿದ್ದೇನೆ. ಕೆಲವರು ಕೆಲಸವನ್ನೇ ನಿರಾಕರಿಸುತ್ತಾರೆ. ಇನ್ನು ಕೆಲವರು ಒಲ್ಲದ ಮನಸ್ಸಿನಿಂದ ಇನ್ನೂರು ಮುನ್ನೂರು ರೂಪಾಯಿ ಹೇಳಿ, ಅಂಗಡಿಗೆ ಹೊಸದಾಗಿ ಸೇರಿದ ಹುಡುಗನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಕಳುಹಿಸುತ್ತಾರೆ. ಈ ಎರಡೂ ವರ್ತನೆಗಳು ನಮ್ಮ ವ್ಯಾಪಾರಕ್ಕೆ ನಾವೇ ಮಾಡಿಕೊಳ್ಳುತ್ತಿರುವ ಹಾನಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪೆಟ್ಟಿಗೆಯ ಮೇಲಿನ ಲಾಭಾಂಶ ಇನ್ನು ಹಿಂದಿರುಗಿ ಬರಲಾರದು. ಹಳೆಯ ವಾಹನದ ವಿಷಯದಲ್ಲಿ ಧ್ವನಿಯ ಗುಣವನ್ನು ನಿರ್ಧರಿಸುವುದು ಬಹುಪಾಲು ಆಯ್ಕೆ ಮತ್ತು ಜೋಡಣೆ, ಅಂದರೆ ಅಂತರಜಾಲವು ಅಂಚೆಯಲ್ಲಿ ಕಳುಹಿಸಲಾಗದ ಭಾಗ. ಅದಕ್ಕೆ ತಕ್ಕ ಬೆಲೆಯನ್ನು ಕೇಳಿ ಪಡೆಯಲು ನಾವು ಸಿದ್ಧರಿದ್ದೇವೆಯೇ, ಅದಕ್ಕೆ ಯೋಗ್ಯವಾದ ಕೆಲಸವನ್ನು ಮಾಡುತ್ತಿದ್ದೇವೆಯೇ ಎಂಬುದೇ ಪ್ರಶ್ನೆ.

ಮೊದಲಿಗೆ ವಾಟ್ ಸಂಖ್ಯೆಯ ವಿಚಾರ. ಸ್ಪೀಕರಿನ ಪೆಟ್ಟಿಗೆಯ ಮೇಲೆ ಅತಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುವುದು ಇದೇ. 300 ವಾಟ್ ಎಂದು ಸಾರುವ ಪೆಟ್ಟಿಗೆಯೊಳಗಿನ ಕಾಗದವನ್ನು ಬಿಡಿಸಿ ನೋಡಿದರೆ, ಆರ್.ಎಂ.ಎಸ್. ಅಥವಾ ನಾಮಿನಲ್ ಎಂಬ ಸಾಲಿನಲ್ಲಿ 40 ಅಥವಾ 50 ಎಂದಿರುವುದು ಸಾಮಾನ್ಯ. ಸ್ಪೀಕರು ನಿರಂತರವಾಗಿ ತಾಳಬಲ್ಲ ಶಕ್ತಿ ಅಷ್ಟೇ. ಉಳಿದದ್ದು ಕ್ಷಣಾರ್ಧದ ಏರಿಕೆಯ ಲೆಕ್ಕ. ತೊಂಬತ್ತರ ದಶಕದಲ್ಲಿ ಮನೆಬಳಕೆಯ ಮ್ಯೂಸಿಕ್ ಸಿಸ್ಟಂಗಳ ಮೇಲೆ ಪಿ.ಎಂ.ಪಿ.ಓ. ಎಂಬ ಹೆಸರಿನಲ್ಲಿ ಸಾವಿರಾರು ವಾಟ್‌ಗಳನ್ನು ಅಂಟಿಸಿ ಮಾರಿದ್ದು ಹಿರಿಯ ವರ್ತಕರಿಗೆ ನೆನಪಿರಬಹುದು. ಗೋಡೆಯ ಪ್ಲಗ್ಗಿನಿಂದ 60 ವಾಟ್ ಪಡೆಯುವ ಯಂತ್ರ 2000 ವಾಟ್ ಹೊರಹಾಕುವುದು ಹೇಗೆಂದು ಅಂದು ಯಾರೂ ಕೇಳಲಿಲ್ಲ.

ಕಾರಿನಲ್ಲಿಯೂ ಇದೇ ಪ್ರಶ್ನೆಯನ್ನು ಕೇಳಬಹುದು, ಉತ್ತರಕ್ಕೆ ಪದವಿಯೇನೂ ಬೇಕಿಲ್ಲ. ಎಂಜಿನ್ ಚಾಲನೆಯಲ್ಲಿರುವಾಗ ಕಾರಿನ ವಿದ್ಯುತ್ ವ್ಯವಸ್ಥೆಯಲ್ಲಿ ದೊರೆಯುವುದು ಹೆಚ್ಚೆಂದರೆ 14.4 ವೋಲ್ಟ್. ಡ್ಯಾಶ್‌ಬೋರ್ಡಿನಲ್ಲಿ ಕೂರುವ ಸಾಮಾನ್ಯ ಸ್ಟೀರಿಯೋದೊಳಗಿನ ಆಂಪ್ಲಿಫೈಯರಿಗೆ ಈ ವೋಲ್ಟೇಜನ್ನು ಏರಿಸಿಕೊಳ್ಳುವ ಏರ್ಪಾಡು ಇರುವುದಿಲ್ಲ. 14.4ನ್ನು 1.414ರಿಂದ ಭಾಗಿಸಿ, ಬಂದ 10.2ನ್ನು ಅದರಿಂದಲೇ ಗುಣಿಸಿ, ಸ್ಪೀಕರಿನ 4 ಓಮ್‌ನಿಂದ ಭಾಗಿಸಿದರೆ ಉಳಿಯುವುದು 26 ವಾಟ್. ವಿಕೃತಿಯಿಲ್ಲದ ಧ್ವನಿಗೆ ತಾತ್ವಿಕ ಮಿತಿಯೇ ಇಷ್ಟು. ಒಳಗಿನ ನಷ್ಟಗಳನ್ನು ಕಳೆದು ನಿಜವಾಗಿ ಕೈಗೆ ಸಿಗುವುದು ಸ್ಪೀಕರೊಂದಕ್ಕೆ 15ರಿಂದ 20 ವಾಟ್‌ಗಳಷ್ಟೇ. ಆದರೂ ಅದರ ಮುಖದ ಮೇಲೆ "50 ವಾಟ್ × 4" ಎಂದು ಬರೆದಿರುತ್ತದೆ. ಅದೇ ಸ್ಟೀರಿಯೋವನ್ನು ತಿರುಗಿಸಿ ಹಿಂಬದಿಯ ಫ್ಯೂಸನ್ನು ನೋಡಿದರೆ ಸತ್ಯ ತಿಳಿಯುತ್ತದೆ. ಅಲ್ಲಿರುವುದು 10 ಆಂಪಿಯರಿನ ಫ್ಯೂಸಾದರೆ ಒಳಗೆ ನಿರಂತರವಾಗಿ ಬರಬಲ್ಲ ಶಕ್ತಿ 144 ವಾಟ್. ಅದರಲ್ಲಿಯೂ ಗಣನೀಯ ಭಾಗ ಶಾಖವಾಗಿ ಹೋಗುತ್ತದೆ. 144 ರೂಪಾಯಿ ಜಮೆಯಾದ ಗಲ್ಲಾಪೆಟ್ಟಿಗೆಯಿಂದ 200 ರೂಪಾಯಿ ಎಣಿಸಿ ಕೊಡುವ ವಿದ್ಯೆ ನಮ್ಮಲ್ಲಿ ಯಾರಿಗೂ ತಿಳಿದಿಲ್ಲ.

ಹಾಗಿದ್ದಮೇಲೆ ಹಳೆಯ ಸ್ಟೀರಿಯೋವನ್ನೇ ಉಳಿಸಿಕೊಂಡು ಸ್ಪೀಕರನ್ನು ಮಾತ್ರ ಬದಲಿಸಬಯಸುವ ಗ್ರಾಹಕನಿಗೆ ವಾಟ್ ಸಂಖ್ಯೆಯಿಂದ ಪ್ರಯೋಜನವಿಲ್ಲ. ಆತ ಕೇಳಬೇಕಾದದ್ದು, ಅಥವಾ ನಾವೇ ಆತನಿಗೆ ಹೇಳಬೇಕಾದದ್ದು, ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣಗೆ ಮುದ್ರಿತವಾಗಿರುವ ಸೆನ್ಸಿಟಿವಿಟಿಯನ್ನು. ಒಂದು ವಾಟ್ ಶಕ್ತಿ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಸ್ಪೀಕರು ಎಷ್ಟು ಡೆಸಿಬಲ್ ಧ್ವನಿ ನೀಡುತ್ತದೆ ಎಂಬುದರ ಅಳತೆ ಇದು. ಇಲ್ಲಿ 3 ಡೆಸಿಬಲ್ ಅಂತರವೆಂದರೆ ಶಕ್ತಿಯಲ್ಲಿ ಎರಡು ಪಟ್ಟು. ಅಂದರೆ 90 ಡೆಸಿಬಲ್‌ನ ಸ್ಪೀಕರು 20 ವಾಟ್‌ನಲ್ಲಿ ಮಾಡುವ ಕೆಲಸಕ್ಕೆ 87 ಡೆಸಿಬಲ್‌ನದಕ್ಕೆ 40 ವಾಟ್ ಬೇಕು. ಅಷ್ಟು ಶಕ್ತಿ ಹಳೆಯ ಸ್ಟೀರಿಯೋದಲ್ಲಿ ಇಲ್ಲವೇ ಇಲ್ಲ. ಭಾರವಾದ ಕೋನಿನ ದುಬಾರಿ ಸ್ಪೀಕರು ಹಾಕಿಸಿಕೊಂಡು, "ಮೊದಲಿನದೇ ಜೋರಾಗಿತ್ತಲ್ಲ" ಎಂದು ಗ್ರಾಹಕ ಜಗಳಕ್ಕೆ ಬರುವ ಪ್ರಸಂಗಗಳ ಮೂಲ ಬಹುತೇಕ ಇಲ್ಲಿದೆ. ಇದರಲ್ಲಿಯೂ ಒಂದು ಜಾಣತನ ನಡೆಯುತ್ತದೆ. ಕೆಲವು ತಯಾರಕರು ಒಂದು ವಾಟ್‌ಗೆ ಬದಲು 2.83 ವೋಲ್ಟ್ ಕೊಟ್ಟು ಅಳೆಯುತ್ತಾರೆ. ಮನೆಯ 8 ಓಮ್ ಸ್ಪೀಕರಿಗೆ ಅದು ಒಂದೇ ವಾಟ್ ಸರಿ, ಕಾರಿನ 4 ಓಮ್‌ಗೆ ಎರಡು ವಾಟ್ ಆಗುತ್ತದೆ. ಹೀಗಾಗಿ ಕಾಗದದ ಮೇಲೆ 3 ಡೆಸಿಬಲ್ ಪುಕ್ಕಟೆಯಾಗಿ ಸೇರಿಕೊಳ್ಳುತ್ತದೆ. ಎರಡು ಪೆಟ್ಟಿಗೆಗಳನ್ನು ಹೋಲಿಸುವಾಗ ಅಳತೆಯ ವಿಧಾನ ಒಂದೇ ಆಗಿದೆಯೇ ಎಂದು ನೋಡುವುದು ಅವಶ್ಯ.

ಇದನ್ನೆಲ್ಲ ಸರ್ಕಾರವೇ ನಿಯಂತ್ರಿಸಲಿ ಎನ್ನುವವರಿದ್ದಾರೆ. ನನಗೆ ಅಮೆರಿಕದ ನಿದರ್ಶನ ಹೆಚ್ಚು ಬೋಧಪ್ರದವಾಗಿ ಕಾಣುತ್ತದೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮನೆಬಳಕೆಯ ಆಂಪ್ಲಿಫೈಯರುಗಳ ವಾಟ್ ಜಾಹೀರಾತಿಗೆ 1974ರಲ್ಲಿ ನಿಯಮ ಮಾಡಿತಾದರೂ ಕಾರಿನ ಉಪಕರಣಗಳು ಅದರ ವ್ಯಾಪ್ತಿಗೆ ಬರಲಿಲ್ಲ. ಮೂರು ದಶಕಗಳ ಕಾಲ ಅಲ್ಲಿಯೂ ನಮ್ಮಂತೆಯೇ ಬಾಯಿಗೆ ಬಂದ ಸಂಖ್ಯೆ ನಡೆಯಿತು. ಕೊನೆಗೆ 2003ರಲ್ಲಿ ಉದ್ಯಮದವರ ಸಂಘವೇ ಮುಂದೆ ಬಂದು ಸಿ.ಇ.ಎ.-2006 ಎಂಬ ಮಾನದಂಡವನ್ನು ಪ್ರಕಟಿಸಿತು. 14.4 ವೋಲ್ಟ್, 4 ಓಮ್, ಶೇಕಡಾ 1ಕ್ಕೆ ಮೀರದ ವಿಕೃತಿ: ಈ ಕಟ್ಟುಪಾಡಿನಲ್ಲಿ ಅಳೆದ ಸಂಖ್ಯೆಯನ್ನು ಮಾತ್ರ ಮುದ್ರಿಸುತ್ತೇವೆಂದು ಒಪ್ಪಿದ ತಯಾರಕರು ಅದರ ಗುರುತನ್ನು ಬಳಸಿದರು. ಅದು ಸ್ವಯಂಪ್ರೇರಿತ ಒಪ್ಪಂದವಾಗಿತ್ತೇ ಹೊರತು ಕಾನೂನಾಗಿರಲಿಲ್ಲ. ವಾಣಿಜ್ಯೋದ್ಯಮ ಸಂಸ್ಥೆಯೊಂದರ ಪತ್ರಿಕೆಯಲ್ಲಿ ಈ ವ್ಯತ್ಯಾಸವನ್ನು ವಿವರಿಸುವ ಅಗತ್ಯವಿಲ್ಲವೆಂದು ಭಾವಿಸುತ್ತೇನೆ.

ಇನ್ನು ಅಳತೆಯ ಪ್ರಶ್ನೆ. 4 ಇಂಚು, 5.25 ಇಂಚು, 6.5 ಇಂಚು, 6×9 ಇಂಚಿನ ಅಂಡಾಕಾರ, ಇವು ಪ್ರಚಲಿತ ಗಾತ್ರಗಳು. ಆದರೆ ಇವು ನಾಮಮಾತ್ರದ ಅಳತೆಗಳು. ಎರಡು ಕಂಪನಿಗಳ 6.5 ಇಂಚಿನ ಸ್ಪೀಕರುಗಳ ಸ್ಕ್ರೂ ರಂಧ್ರಗಳು ಒಂದೇ ಜಾಗದಲ್ಲಿ ಇರಬೇಕೆಂದೇನೂ ಇಲ್ಲ, ಆಳವಂತೂ ಒಂದೇ ಇರುವುದೇ ಇಲ್ಲ. ಹಳೆಯ ಕಾರಿನ ಬಾಗಿಲಿನಲ್ಲಿ ಮುಖ್ಯವಾಗುವುದು ಈ ಆಳ. ಮೂಲ ಸ್ಪೀಕರಿನ ಮ್ಯಾಗ್ನೆಟ್ ಚಿಕ್ಕದು, ಹೊಸದರದ್ದು ದಪ್ಪ. ಗಾಜನ್ನು ಮೇಲೇರಿಸಿಟ್ಟು ಅಳತೆ ಮಾಡಿ ಸ್ಪೀಕರು ಬಿಗಿದು, ಸಂಜೆ ಗ್ರಾಹಕ ಟೋಲ್ ಕೊಡಲು ಗಾಜು ಇಳಿಸಿದಾಗ ಅದು ಮ್ಯಾಗ್ನೆಟ್ಟಿಗೆ ಬಡಿದು ನಿಂತ ಉದಾಹರಣೆಗಳು ಎಲ್ಲ ಊರುಗಳಲ್ಲಿಯೂ ಇವೆ. ಗಾಜನ್ನು ಪೂರ್ತಿ ಇಳಿಸಿ, ಬಾಗಿಲಿನ ಲೋಹದಿಂದ ಗಾಜಿನವರೆಗಿನ ಅಂತರವನ್ನು ಅಳೆದು ಬರೆದಿಟ್ಟುಕೊಳ್ಳುವುದು ಎರಡು ನಿಮಿಷದ ಕೆಲಸ. ಅಂತರ ಸಾಲದಿದ್ದರೆ ಸ್ಪೀಕರಿನ ಕೆಳಗೆ ಬಳೆಯಾಕಾರದ ಸ್ಪೇಸರ್ ಕೊಟ್ಟು ಹೊರಕ್ಕೆ ತರಬೇಕು. ಹಾಗೆ ತಂದಾಗ ನಡುವೆ ಉಬ್ಬಿರುವ ಟ್ವೀಟರ್ ಡೋರ್ ಪ್ಯಾಡಿನ ಜಾಲರಿಗೆ ತಾಗುವುದಿಲ್ಲವೇ ಎಂಬುದನ್ನೂ ನೋಡಿಕೊಳ್ಳಬೇಕು. ಅಳತೆಯ ತೊಂದರೆ ತಪ್ಪಿಸಿಕೊಳ್ಳಲು ಬಾಗಿಲಿನ ತಗಡನ್ನೇ ಕತ್ತರಿಸುವವರಿದ್ದಾರೆ. ಕತ್ತರಿಸಿದ ಅಂಚಿಗೆ ಪ್ರೈಮರ್ ಕೂಡ ಹಚ್ಚದೆ ಮುಚ್ಚಿಬಿಟ್ಟರೆ ಮಂಗಳೂರು, ಕಾರವಾರದಂತಹ ಕರಾವಳಿಯ ಊರುಗಳಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿಂದಲೇ ತುಕ್ಕು ಹಬ್ಬುತ್ತದೆ.

ನೀರಿನ ವಿಷಯ ಬಂದುದರಿಂದ ಇನ್ನೊಂದು ಮಾತು. ಬಾಗಿಲಿನ ಒಳಭಾಗ ಒಣಗಿರುವ ಜಾಗವೆಂದು ಗ್ರಾಹಕ ಮಾತ್ರವಲ್ಲ, ಜೋಡಿಸುವ ಹುಡುಗನೂ ನಂಬಿರುತ್ತಾನೆ. ವಾಸ್ತವದಲ್ಲಿ ಗಾಜಿನ ಪಕ್ಕದ ರಬ್ಬರ್ ಪಟ್ಟಿಯನ್ನು ದಾಟಿ ಮಳೆನೀರು ಒಳಗಿಳಿಯುತ್ತದೆ, ಬಾಗಿಲಿನ ಅಡಿಯ ರಂಧ್ರಗಳಿಂದ ಹೊರಹೋಗುತ್ತದೆ. ರಬ್ಬರ್ ಗಡುಸಾಗಿ ಬಿರಿದ ಹಳೆಯ ಕಾರಿನಲ್ಲಿ ಈ ನೀರು ಇನ್ನೂ ಹೆಚ್ಚು. ಈ ಕಾರಣಕ್ಕೆಂದೇ ತಯಾರಕರು ಡೋರ್ ಪ್ಯಾಡಿನ ಹಿಂದೆ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿ ಕಳುಹಿಸಿರುತ್ತಾರೆ. ನಾವು ಮಾಡುವ ಮೊದಲ ಕೆಲಸ ಅದನ್ನು ಹರಿಯುವುದು! ಅದನ್ನು ಜೋಪಾನವಾಗಿ ಬಿಡಿಸಿ ಮತ್ತೆ ಅಂಟಿಸದಿದ್ದರೆ ಸ್ಪೀಕರೂ ಕೆಡುತ್ತದೆ, ಪ್ಯಾಡಿನ ರಟ್ಟೂ ಉಬ್ಬುತ್ತದೆ, ಕಾಲಿನ ಬಳಿಯ ಮ್ಯಾಟೂ ಒದ್ದೆಯಾಗುತ್ತದೆ. ಕಾಗದದ ಕೋನಿನ ಸ್ಪೀಕರು ಕೇಳಲು ಹಿತ ಎಂಬುದು ನಿಜ. ಮಲೆನಾಡು, ಕರಾವಳಿಯ ಹಳೆಯ ವಾಹನಕ್ಕೆ ನಾನು ಪಾಲಿಪ್ರೊಪಿಲೀನ್ ಕೋನು ಹಾಗೂ ರಬ್ಬರ್ ಅಂಚಿನದನ್ನೇ ಸಲಹೆ ಮಾಡುತ್ತೇನೆ. ಫೋಮ್ ಅಂಚು ನಮ್ಮ ಹವೆಯಲ್ಲಿ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ.

ಹಿಂಬದಿಯ ಟ್ರೇ ಮೇಲೆ ದೊಡ್ಡ ಅಂಡಾಕಾರದ ಸ್ಪೀಕರುಗಳನ್ನು ಕೂರಿಸುವುದು ನಮ್ಮಲ್ಲಿ ಸಂಪ್ರದಾಯವೇ ಆಗಿಹೋಗಿದೆ. ಸೆಡಾನ್ ಕಾರಿನಲ್ಲಿ ಇದಕ್ಕೆ ಗಟ್ಟಿಯಾದ ಲೋಹದ ಆಧಾರವಿರುತ್ತದೆ, ಕೆಳಗಿನ ಡಿಕ್ಕಿಯೇ ಪೆಟ್ಟಿಗೆಯಂತೆ ಕೆಲಸ ಮಾಡುತ್ತದೆ. ಮಾರುತಿ 800, ಸ್ಯಾಂಟ್ರೋ, ಇಂಡಿಕಾದಂತಹ ಹ್ಯಾಚ್‌ಬ್ಯಾಕ್‌ಗಳ ಟ್ರೇ ಎಂಬುದು ಎತ್ತಿ ತೆಗೆಯಬಹುದಾದ ಹಲಗೆ ಮಾತ್ರ. ಜೋರಾಗಿ ಬ್ರೇಕ್ ಹಾಕಿದಾಗ ಆ ಭಾರವಾದ ಮ್ಯಾಗ್ನೆಟ್‌ಗಳು ಹಿಂದೆ ಕುಳಿತ ಮಕ್ಕಳ ತಲೆಯ ಮಟ್ಟದಲ್ಲಿವೆ ಎಂಬುದನ್ನು ಯಾರಾದರೂ ಯೋಚಿಸಬೇಕಲ್ಲವೇ? ದಪ್ಪ ಪ್ಲೈವುಡ್ ಹಲಗೆಯನ್ನು ಕಾರಿನ ಬದಿಗೆ ಬೋಲ್ಟ್ ಹಾಕಿ ಬಿಗಿಯದೆ ಈ ಕೆಲಸಕ್ಕೆ ಕೈಹಾಕಬಾರದು. ಹಾಡು ಹಿಂದಿನಿಂದ ಬರುವುದು ಕಿವಿಗೂ ಅಸಹಜ. ಹಣ ಮಿತವಾಗಿದ್ದರೆ ಮುಂದಿನ ಎರಡು ಬಾಗಿಲುಗಳಿಗೇ ಎಲ್ಲವನ್ನೂ ಖರ್ಚು ಮಾಡಿ ಹಿಂದಿನದನ್ನು ಇದ್ದಂತೆಯೇ ಬಿಡಿ ಎಂದು ಹೇಳುವುದು ಪ್ರಾಮಾಣಿಕ ಸಲಹೆ. ನಾಲ್ಕರ ಬದಲು ಎರಡನ್ನೇ ಮಾರಿದಂತಾಯಿತಲ್ಲ ಎಂಬ ಆಕ್ಷೇಪಣೆ ಬರಬಹುದು. ಉಳಿದ ಹಣ ಎಲ್ಲಿಗೆ ಹೋಗಬೇಕೆಂಬುದನ್ನು ಈಗ ಹೇಳುತ್ತೇನೆ.

ಸ್ಪೀಕರಿನ ಕೋನು ಮುಂದಕ್ಕೆ ಚಲಿಸಿದಾಗ ಮುಂದೆ ಗಾಳಿ ಒತ್ತುತ್ತದೆ, ಹಿಂದೆ ಅದೇ ಹೊತ್ತಿಗೆ ಎಳೆಯುತ್ತದೆ. ಈ ಎರಡೂ ಅಲೆಗಳು ಸಂಧಿಸಿದರೆ ಒಂದನ್ನೊಂದು ನುಂಗಿಹಾಕುತ್ತವೆ. ಮೊದಲು ಮಾಯವಾಗುವುದು ತಬಲದ, ಮೃದಂಗದ ಎಡಭಾಗದ ಗಂಭೀರ ನಾದ. ಹಳೆಯ ಕಾರಿನ ಬಾಗಿಲಿನ ಒಳತಗಡು ತೂತುಗಳಿಂದ ತುಂಬಿರುತ್ತದೆ. ಹಿಂದಿನ ಅಲೆ ಆ ತೂತುಗಳಿಂದ ಹೊರಬಂದು ಮುಂದಿನದನ್ನು ಕೊಲ್ಲುತ್ತದೆ. ಇದರ ಮೇಲೆ ತೆಳು ತಗಡಿನ ನಡುಕ ಬೇರೆ. ಬಾಗಿಲನ್ನು ಮುಚ್ಚುವಾಗ ಡಬ್ಬಿ ಬಡಿದಂತೆ ಸದ್ದು ಬರುವ ಕಾರಿನಲ್ಲಿ ಎಷ್ಟೇ ಬೆಲೆಯ ಸ್ಪೀಕರು ಹಾಕಿದರೂ ಫಲ ಅಷ್ಟಕ್ಕಷ್ಟೇ. ಒಳತಗಡಿನ ತೂತುಗಳನ್ನು ಮುಚ್ಚಿ, ಹೊರತಗಡಿನ ಒಳಮೈಗೆ ಅಲ್ಯೂಮಿನಿಯಂ ಹಾಳೆಯುಳ್ಳ ಬ್ಯುಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟನ್ನು ಒತ್ತಿ ಅಂಟಿಸಿದರೆ, ಅದೇ ಮಧ್ಯಮ ದರ್ಜೆಯ ಸ್ಪೀಕರು ಬೇರೆಯದೇ ಆಗಿ ನುಡಿಯುತ್ತದೆ. ಬಾಗಿಲಿನ ಅಡಿಯ ನೀರಿನ ರಂಧ್ರಗಳನ್ನು ಮಾತ್ರ ಮುಚ್ಚಬಾರದು. ಡಾಂಬರು ಆಧಾರಿತ ಅಗ್ಗದ ಶೀಟುಗಳು ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಕರಗಿ ಜಾರುವುದರಿಂದ ಅವನ್ನು ದೂರವಿಡುವುದು ಲೇಸು.

2000ದ ಜನವರಿಯಲ್ಲಿ ನಮ್ಮ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಕ್ವಾಲಿಸ್ ವಾಹನವನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 2005ರಲ್ಲಿ ಇನ್ನೋವಾ ಬಂದಾಗ ಅದರ ತಯಾರಿಕೆ ನಿಂತಿತು. ಆದರೆ ವಾಹನ ಗಟ್ಟಿಮುಟ್ಟಾದುದರಿಂದ ಅದನ್ನು ಬಿಟ್ಟುಕೊಡಲೊಲ್ಲದ ಒಡೆಯರು ಇಂದಿಗೂ ಇದ್ದಾರೆ. ಡೀಸೆಲ್ ಎಂಜಿನ್ನಿನ ಗುಡುಗು, ಗಾಳಿ ಹಾಗೂ ಚಕ್ರದ ಸದ್ದು ಇವೆಲ್ಲ ಹಾಡಿನ ಕೆಳಸ್ತರವನ್ನು ಮರೆಮಾಡುತ್ತವೆ. ಒಡೆಯ ಧ್ವನಿಯನ್ನು ಏರಿಸುತ್ತಾನೆ, 20 ವಾಟ್‌ನ ಸ್ಟೀರಿಯೋ ತನ್ನ ಮಿತಿಯನ್ನು ಮೀರಿ ಅಲೆಯ ತುದಿಗಳನ್ನು ಕತ್ತರಿಸತೊಡಗುತ್ತದೆ, ಆ ಕತ್ತರಿಸಿದ ಅಲೆಯೇ ಟ್ವೀಟರನ್ನು ಸುಡುತ್ತದೆ. "ಕಡಿಮೆ ವಾಟ್‌ನ ಸ್ಪೀಕರ್ ಆದ್ದರಿಂದ ಸುಟ್ಟಿತು" ಎಂದು ಹೇಳಿ ಇನ್ನೂ ದೊಡ್ಡ ಸಂಖ್ಯೆಯ ಪೆಟ್ಟಿಗೆಯನ್ನು ಮಾರುವ ಬದಲು, ಬಾಗಿಲುಗಳನ್ನು ಸರಿಪಡಿಸಿ, ಅಗತ್ಯವಿದ್ದರೆ ಚಿಕ್ಕದೊಂದು ಪ್ರತ್ಯೇಕ ಆಂಪ್ಲಿಫೈಯರನ್ನು ಕೊಟ್ಟರೆ ಆ ಗ್ರಾಹಕ ತನ್ನಂತಹ ಇನ್ನೂ ನಾಲ್ವರನ್ನು ಕರೆತರುತ್ತಾನೆ.

ವೈರಿಂಗಿನ ಬಗ್ಗೆ ಬರೆಯುವಾಗ ಸ್ವಲ್ಪ ಕಟುವಾಗಿ ಬರೆಯಬೇಕಾಗಿದೆ. ಮೂಲ ಕಪ್ಲರನ್ನು ಕತ್ತರಿಸಿ, ತಂತಿಗಳನ್ನು ಹಲ್ಲಿನಿಂದ ಬಿಡಿಸಿ, ತಿರುಚಿ ಟೇಪು ಸುತ್ತುವ ಪದ್ಧತಿ ಇಂದಿಗೂ ನಿಂತಿಲ್ಲ. ಡ್ಯಾಶ್‌ಬೋರ್ಡಿನೊಳಗಿನ ಶಾಖಕ್ಕೆ ಟೇಪಿನ ಅಂಟು ಜಿಗುಟಾಗಿ ಬಿಚ್ಚಿಕೊಳ್ಳುತ್ತದೆ. ಪದೇ ಪದೇ ಫ್ಯೂಸ್ ಹೋಗುತ್ತದೆಂದು ಅದರ ಜಾಗದಲ್ಲಿ ಸಿಗರೇಟಿನ ಬೆಳ್ಳಿಕಾಗದ ಸುತ್ತಿಟ್ಟಿದ್ದ ಕಾರೊಂದನ್ನು ನಾನೇ ಕಂಡಿದ್ದೇನೆ. ಅದು ಒಂದು ಅಂಗಡಿಯಲ್ಲಿ ಹಣ ತೆತ್ತು ಮಾಡಿಸಿದ ಕೆಲಸವಾಗಿತ್ತು. ಹಳೆಯ ಕಾಲದ ರೇಡಿಯೋ ಜೋಡಣೆಗಳಲ್ಲಿ ಸ್ಪೀಕರಿನ ಒಂದು ತಂತಿಯನ್ನು ಕಾರಿನ ಬಾಡಿಗೇ ಅರ್ತ್ ಮಾಡಿರುವುದುಂಟು. ಇಂದಿನ ಸ್ಟೀರಿಯೋಗಳ ಆಂಪ್ಲಿಫೈಯರಿಗೆ ಇದು ಮೃತ್ಯುಸಮಾನ. ಪ್ರತಿ ಸ್ಪೀಕರಿಗೂ ಎರಡು ಸ್ವತಂತ್ರ ತಂತಿಗಳನ್ನು ಎಳೆಯಲೇಬೇಕು. ಬಾಗಿಲಿನ ಕೀಲಿನ ಬಳಿ ಅವು ರಬ್ಬರ್ ಕೊಳವೆಯ ಮೂಲಕವೇ ಹೋಗಬೇಕು, ಇಲ್ಲವಾದರೆ ಬಾಗಿಲು ತೆರೆದು ಮುಚ್ಚುವಾಗ ಸವೆದು ಶಾರ್ಟ್ ಆಗುತ್ತವೆ. ಒಂದು ಸ್ಪೀಕರಿನ ಧನ ಋಣ ಅದಲುಬದಲಾದರೆ ಒಂದು ಕೋನು ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗಿ ಬಾಸ್ ಮಾಯವಾಗುತ್ತದೆ. ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ತಂತಿಗೆ ಕ್ಷಣಕಾಲ ತಾಗಿಸಿ ಕೋನು ಹೊರಕ್ಕೆ ಬರುತ್ತದೆಯೇ ಎಂದು ನೋಡಿದರೆ ಸಾಕು, ಯಾವ ತಂತಿ ಧನ ಎಂಬುದು ಗೊತ್ತಾಗುತ್ತದೆ. ಆಂಪ್ಲಿಫೈಯರಿಗೆ ಬ್ಯಾಟರಿಯಿಂದ ನೇರವಾಗಿ ತಂತಿ ಎಳೆಯುವಾಗ, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಆ ಫ್ಯೂಸ್ ಕಾಯುವುದು ತಂತಿಯನ್ನು, ತನ್ಮೂಲಕ ವಾಹನವನ್ನು.

ಇದು ಕೇವಲ ಕುಶಲತೆಯ ಪ್ರಶ್ನೆಯಾಗಿ ಉಳಿದಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಉತ್ಪನ್ನ ಹೊಣೆಗಾರಿಕೆ ಎಂಬ ಪ್ರತ್ಯೇಕ ಅಧ್ಯಾಯವನ್ನೇ ಒಳಗೊಂಡಿದೆ. ತಯಾರಕನ ಜೊತೆಗೆ ಮಾರಾಟಗಾರನನ್ನೂ, ಸೇವೆ ಒದಗಿಸುವವನನ್ನೂ ಅದು ಹೆಸರಿಸುತ್ತದೆ. ದೋಷಪೂರಿತ ಜೋಡಣೆಯಿಂದ ವಾಹನಕ್ಕೆ ಬೆಂಕಿ ತಗುಲಿದರೆ, "ಮಾಲು ಗ್ರಾಹಕನೇ ತಂದದ್ದು, ನಾನು ಬಿಗಿದುಕೊಟ್ಟದ್ದಷ್ಟೇ" ಎಂಬ ಸಮಜಾಯಿಷಿ ಆಯೋಗದ ಮುಂದೆ ಸಾಲದು. ವಿಮೆಯಲ್ಲಿಯೂ ಹೊರಗಿನಿಂದ ಜೋಡಿಸಿದ ವಿದ್ಯುತ್ ಪರಿಕರಗಳ ಮೌಲ್ಯವನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಘೋಷಿಸಬೇಕಾಗುತ್ತದೆ. ಇದಕ್ಕೆ ಗ್ರಾಹಕನ ಕೈಯಲ್ಲಿ ಸರಿಯಾದ ಬಿಲ್ಲು ಇರಬೇಕು. ಸ್ಪೀಕರಿನ ಮಾದರಿ, ಆರ್.ಎಂ.ಎಸ್. ವಾಟ್, ಬಳಸಿದ ಫ್ಯೂಸಿನ ಆಂಪಿಯರ್, ಜೋಡಣೆಯ ದಿನಾಂಕ, ಮಾಡಿದ ಕೆಲಸದ ವಿವರ ಹಾಗೂ ಕೂಲಿ, ಇವನ್ನು ಒಂದೇ ಹಾಳೆಯಲ್ಲಿ ಬರೆದುಕೊಟ್ಟರೆ ಅದು ಗ್ರಾಹಕನಿಗೂ ರಕ್ಷಣೆ, ನಮಗೂ ರಕ್ಷಣೆ. ಕೂಲಿಯನ್ನು ಮಾಲಿನ ಬೆಲೆಯೊಳಗೆ ಅಡಗಿಸಿಟ್ಟು "ಫಿಟ್ಟಿಂಗ್ ಫ್ರೀ" ಎಂಬ ಫಲಕ ತೂಗುಹಾಕಿದವರು ನಾವೇ. ಪುಕ್ಕಟೆಯೆಂದು ನಾವೇ ಸಾರಿದ ಕೆಲಸಕ್ಕೆ ಇಂದು ಗ್ರಾಹಕ ಬೆಲೆ ಕೊಡಲೊಲ್ಲನೆಂದು ದೂರುವುದರಲ್ಲಿ ಅರ್ಥವಿಲ್ಲ.

ಈಗ ಸಣ್ಣ ಕೈಗಾರಿಕೆಯ ಮಿತ್ರರಿಗೆ ಸಂಬಂಧಿಸಿದ ಮಾತು. ಮೇಲೆ ಹೇಳಿದ ಸ್ಪೇಸರ್ ಬಳೆಯನ್ನು ನಮ್ಮ ಅಂಗಡಿಗಳಲ್ಲಿ ಬಹುತೇಕ ಎಂ.ಡಿ.ಎಫ್. ಹಲಗೆಯಿಂದ ಕೊರೆದು ಮಾಡುತ್ತಾರೆ. ಒದ್ದೆಯಾದ ಬಾಗಿಲಿನಲ್ಲಿ ಅದು ಬಿಸ್ಕತ್ತಿನಂತೆ ಉಬ್ಬಿ ಉದುರುತ್ತದೆ, ಸ್ಕ್ರೂ ಸಡಿಲಾಗುತ್ತದೆ. ಎ.ಬಿ.ಎಸ್. ಅಥವಾ ಎಚ್.ಡಿ.ಪಿ.ಇ. ಪ್ಲಾಸ್ಟಿಕ್ಕಿನಲ್ಲಿ ವಾಹನದ ಮಾದರಿಗೆ ತಕ್ಕಂತೆ ಎರಕ ಹೊಯ್ದ ಬಳೆಗಳು ವಿದೇಶಗಳಲ್ಲಿ ಸಿದ್ಧವಾಗಿ ದೊರೆಯುತ್ತವೆ. ಅವು ಅಲ್ಲಿನ ಕಾರುಗಳಿಗೆ ಹೊಂದುವಂಥವು, ನಮ್ಮ ಸ್ಯಾಂಟ್ರೋ, ಇಂಡಿಕಾಗಳಿಗಲ್ಲ. 1998ರಲ್ಲಿ ಮಾರುಕಟ್ಟೆಗೆ ಬಂದ ಈ ಎರಡು ಕಾರುಗಳು, 2000ದ ಆಲ್ಟೊ, 2005ರ ಸ್ವಿಫ್ಟ್, ಇಂತಹ ಹತ್ತು ಹನ್ನೆರಡು ಮಾದರಿಗಳನ್ನು ಹಿಡಿದರೆ ಹಳೆಯ ವಾಹನಗಳ ಕೆಲಸದ ದೊಡ್ಡ ಪಾಲು ಅದರೊಳಗೆ ಬರುತ್ತದೆ. ಪೀಣ್ಯದಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಯಂತ್ರಗಳಿರುವ ಘಟಕಗಳಿಗೂ, ಬೆಳಗಾವಿಯ ಉದ್ಯಮಬಾಗಿನಲ್ಲಿ ಸಿ.ಎನ್.ಸಿ. ಯಂತ್ರಗಳಿರುವವರಿಗೂ ಇದು ಕಷ್ಟದ ಕೆಲಸವಲ್ಲ. ಅಚ್ಚಿಗೆ ಹಣ ಹೂಡುವ ಮೊದಲು ಹಾಳೆಯಿಂದ ಕತ್ತರಿಸಿದ ಐವತ್ತು ಜೊತೆಗಳನ್ನು ಮಾಡಿ ಅಂಗಡಿಗಳಿಗೆ ಕೊಟ್ಟು ನೋಡಬಹುದು. ಕಾರಿನ ಮೂಲ ಕಪ್ಲರಿಗೆ ಹೊಂದುವ ಅಡಾಪ್ಟರ್ ವೈರಿಂಗ್ ಮತ್ತೊಂದು ವಸ್ತು. ಈಗ ಮಾರುಕಟ್ಟೆಯಲ್ಲಿರುವ ಅಗ್ಗದ ಆಮದು ಮಾಲಿನ ತಂತಿ ಎಷ್ಟು ತೆಳುವೆಂದರೆ ಅದನ್ನು ಕೈಯಲ್ಲಿ ಹಿಡಿದವರಿಗೇ ಗೊತ್ತು. ಬ್ಯುಟೈಲ್ ಶೀಟಿನ ಬಗ್ಗೆ ನಾನು ಅಷ್ಟು ಆಶಾವಾದಿಯಲ್ಲ. ಅದಕ್ಕೆ ಬೇಕಾದ ಹೂಡಿಕೆ, ಉತ್ಪಾದನೆಯ ಪ್ರಮಾಣ ಎರಡೂ ದೊಡ್ಡವು. ಸಣ್ಣ ಘಟಕಗಳು ಅದರ ತಂಟೆಗೆ ಹೋಗದಿರುವುದೇ ಸದ್ಯಕ್ಕೆ ವಿವೇಕ.

ಇವೆಲ್ಲ ಬೆಂಗಳೂರಿನ ದೊಡ್ಡ ಅಂಗಡಿಗೆ ಸರಿ, ಚಿತ್ರದುರ್ಗ, ಹಾವೇರಿಯಂತಹ ಊರಿನಲ್ಲಿ ಗ್ರಾಹಕ ಮೊದಲು ಕೇಳುವುದು ಬೆಲೆಯನ್ನೇ ಎಂಬ ಆಕ್ಷೇಪಣೆಯನ್ನು ನಾನು ನಿರೀಕ್ಷಿಸುತ್ತೇನೆ. ಅದರಲ್ಲಿ ಸತ್ಯಾಂಶವಿದೆ. ಆದರೆ ಅಂತಹ ಊರುಗಳಲ್ಲಿಯೇ ಅಂಗಡಿಯವನ ಮಾತಿಗೆ ಹೆಚ್ಚಿನ ತೂಕವಿದೆ, ಕೆಟ್ಟ ಕೆಲಸದ ಸುದ್ದಿಯೂ ಅಷ್ಟೇ ಬೇಗ ಹರಡುತ್ತದೆ. ಒಂದು ಬಾಗಿಲಿಗೆ ಶೀಟು ಅಂಟಿಸಿ, ಇನ್ನೊಂದನ್ನು ಇದ್ದಂತೆ ಬಿಟ್ಟು, ಎರಡಕ್ಕೂ ಒಂದೇ ಬಗೆಯ ಸ್ಪೀಕರು ಹಾಕಿ ಗ್ರಾಹಕನಿಗೆ ಕೇಳಿಸಿದರೆ ಯಾವ ವಾದವೂ ಬೇಕಾಗುವುದಿಲ್ಲ. ಅಂಗಡಿಯ ಸ್ವಂತ ಹಳೆಯ ವಾಹನವೊಂದನ್ನು ಹೀಗೆ ಸಿದ್ಧಪಡಿಸಿ ನಿಲ್ಲಿಸಿಕೊಳ್ಳುವ ಖರ್ಚು ಒಂದು ಫಲಕ ಬರೆಸುವ ಖರ್ಚಿಗಿಂತ ಬಹಳ ಹೆಚ್ಚೇನೂ ಆಗಲಾರದು.

ನಮ್ಮ ಸಂಸ್ಥೆಯ ಪದಾಧಿಕಾರಿಗಳ ಮುಂದೆ ಒಂದು ಸಣ್ಣ ಸೂಚನೆಯನ್ನು ಇಡಬಯಸುತ್ತೇನೆ. ಹಳೆಯ ಮಾದರಿಗಳ ಬಾಗಿಲಿನ ರಂಧ್ರದ ವ್ಯಾಸ, ಸ್ಕ್ರೂಗಳ ಅಂತರ, ಗಾಜು ಇಳಿದಾಗ ಉಳಿಯುವ ಆಳ, ಕಪ್ಲರಿನ ಬಗೆ, ಈ ನಾಲ್ಕು ವಿವರಗಳ ಪಟ್ಟಿಯೊಂದನ್ನು ಸದಸ್ಯ ವರ್ತಕರಿಂದಲೇ ಸಂಗ್ರಹಿಸಿ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಬಳೆ ತಯಾರಿಸಲು ಮುಂದೆ ಬರುವ ಕೈಗಾರಿಕೋದ್ಯಮಿಗೆ ಅದೇ ಆಧಾರವಾಗುತ್ತದೆ, ಊರೂರಿನ ಅಂಗಡಿಗೂ ಉಪಯೋಗಕ್ಕೆ ಬರುತ್ತದೆ. ಈ ಮಾಹಿತಿಯನ್ನು ಗುಟ್ಟಾಗಿಟ್ಟುಕೊಂಡು ಯಾರಿಗೂ ಲಾಭವಾಗಿಲ್ಲ. ಮಾರುತಿ 800, ಆಲ್ಟೊ, ಸ್ಯಾಂಟ್ರೋ, ಇಂಡಿಕಾ, ಸ್ವಿಫ್ಟ್, ಕ್ವಾಲಿಸ್, ಈ ಆರು ವಾಹನಗಳಿಂದ ಆರಂಭಿಸಿದರೆ ಮೊದಲ ಪಟ್ಟಿ ಒಂದು ಭಾನುವಾರದಲ್ಲಿ ಮುಗಿಯುತ್ತದೆ. ಅದಕ್ಕೆ ಬೇಕಾದ ಸ್ಥಳವನ್ನೂ, ಅಳತೆಯ ಉಪಕರಣಗಳನ್ನೂ, ಅನುಭವಿ ಕೆಲಸಗಾರನೊಬ್ಬನನ್ನೂ ನನ್ನ ಕಡೆಯಿಂದ ಒದಗಿಸಲು ಸಿದ್ಧನಿದ್ದೇನೆ.